ಕಾಯಿಲೆ ಬಿದ್ದ ಕೋಳಿಗೆ ಏನು ತಿನ್ನಿಸುವುದು? ಡಾಕ್ಟ್ರ ಹತ್ತಿರ ಕೇಳಿ

ಅಡ್ಮಿನ್: ನಮಸ್ಕಾರ ಎಲ್ಲರಿಗೂ. ಆಟಿ ತಿಂಗಳ ಮಳೆ ಶುರುವಾದ ಮೇಲೆ ಗ್ರೂಪಿನಲ್ಲಿ ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ, ಕೋಳಿ ತೂಕಡಿಸುತ್ತಿದೆ, ಏನು ಕೊಡಬೇಕು ಅಂತ. ಹಾಗಾಗಿ ಪಶುವೈದ್ಯೆ ಮೇಡಂ ಇವತ್ತು ಸಂಜೆ 4ರಿಂದ ಇಲ್ಲಿ ಸಿಗುತ್ತಾರೆ. ಕೋಳಿಯ ವಯಸ್ಸು, ಹಿಕ್ಕೆಯ ಬಣ್ಣ, ಈಗ ಏನು ತಿನ್ನುತ್ತಿದೆ, ಇಷ್ಟು ಬರೆಯಿರಿ. ಗುಡ್ ಈವನಿಂಗ್ ಹೂವಿನ ಫೋಟೋ ಬೇಡ, ದಮ್ಮಯ್ಯ.

ಡಾಕ್ಟರ್: ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಕೋಳಿಗೆ ಮೊದಲು ಬೇಕಾದದ್ದು ಬೆಚ್ಚಗಿನ ಒಣ ಜಾಗ, ಆಮೇಲೆ ನೀರು, ಊಟ ಮೂರನೆಯದು. ಕೋಳಿಯ ಮೈ ಬಿಸಿ 41–42 ಡಿಗ್ರಿ, ನಮಗಿಂತ ಜಾಸ್ತಿ. ಈ ಮಳೆಯಲ್ಲಿ ಒದ್ದೆ ನೆಲದ ಮೇಲೆ ಕೂರಿಸಿ ಎಂತಹ ಊಟ ಕೊಟ್ಟರೂ ಅದು ಮೈ ಬಿಸಿ ಮಾಡಿಕೊಳ್ಳುವುದಕ್ಕೇ ಖರ್ಚಾಗುತ್ತದೆ. ರಟ್ಟಿನ ಪೆಟ್ಟಿಗೆ, ಒಣ ಗೋಣಿ, ಮೇಲೆ ಒಂದು ಬಲ್ಬು. ಬೇರೆ ಕೋಳಿಗಳಿಂದ ದೂರ. ಈಗ ಕೇಳಿ.

ಸುರತ್ಕಲ್ ಅಮ್ಮ: ಮೇಡಂ, ಅರಿಶಿನ ಕೊಡಬಹುದಾ?

ಡಾಕ್ಟರ್: ಚಿಟಿಕೆ ಕೊಟ್ಟರೆ ತೊಂದರೆ ಇಲ್ಲ. ಅದರಿಂದಲೇ ಗುಣವಾಗುತ್ತದೆ ಅಂತ ಕಾಯಬೇಡಿ.

ಕಾಪು ಹಿತ್ತಲು: ಮೇಡಂ, ನಮ್ಮ ಮುತ್ತುವಿಗೆ ಎರಡು ವರ್ಷ. ಊರ ಕೋಳಿ, ಗಿರಿರಾಜ ತಳಿಯ ಮಿಶ್ರ. ಮಗಳು ಸಾಕಿದ್ದು, ಹೆಗಲ ಮೇಲೆ ಕೂರುತ್ತಾಳೆ. ಗುರುವಾರದಿಂದ ಕಾಳು ಮುಟ್ಟುತ್ತಿಲ್ಲ. ಬಟ್ಟಲ ಎದುರು ಬಂದು ನಿಲ್ಲುತ್ತಾಳೆ, ಕೊಕ್ಕು ತಗ್ಗಿಸುತ್ತಾಳೆ, ಮತ್ತೆ ಸುಮ್ಮನೆ ಹೋಗುತ್ತಾಳೆ. ಕುತ್ತಿಗೆ ಉದ್ದ ಮಾಡಿ ಆಚೆ ಈಚೆ ತಿರುಗಿಸುತ್ತಾಳೆ. ಎದೆಯ ಬಲಬದಿಯಲ್ಲಿ ಲಿಂಬೆಹಣ್ಣಿಗಿಂತ ದೊಡ್ಡ ಉಂಡೆ ಉಂಟು. ಹಿಕ್ಕೆ ತುಂಬ ಕಡಿಮೆ, ಹಸಿರು ನೀರಿನ ಹಾಗೆ. ನಾನು ಕುಚ್ಚಲಕ್ಕಿ ಗಂಜಿ ಕೊಟ್ಟೆ, ಬೆಲ್ಲದ ನೀರು ಕೊಟ್ಟೆ, ಹಾಲಲ್ಲಿ ನೆನೆಸಿದ ಬ್ರೆಡ್ಡೂ ಕೊಟ್ಟೆ. ಉಲ್ಟಾ ಹಿಡಿದು ವಾಂತಿ ಮಾಡಿಸಿದರೆ ಸರಿಯಾಗುತ್ತದೆ ಅಂತ ಮನೆಯವರು ವಿಡಿಯೋ ನೋಡಿ ಹೇಳುತ್ತಿದ್ದಾರೆ.

ಕಾರ್ಕಳ ತೋಟ: ಹಸಿರು ಹಿಕ್ಕೆ ಅಂದರೆ ಕೊಕ್ಕರೆ ರೋಗ. ಇನ್ನು ಆಸೆ ಬಿಡಿ ತಂಗಿ. ಉಳಿದವನ್ನು ಬೇರೆ ಮಾಡಿ.

ಡಾಕ್ಟರ್: ಕಾಪುವಿನವರೇ, ಉಲ್ಟಾ ಹಿಡಿಯಬೇಡಿ. ಮನೆಯವರ ಕೈಗೆ ಕೋಳಿ ಕೊಡಲೇಬೇಡಿ. ನಾಲಿಗೆಯ ಬುಡದಲ್ಲೇ ಉಸಿರಿನ ಕಂಡಿ ಉಂಟು. ವಾಂತಿ ಅದರೊಳಗೆ ಇಳಿದರೆ ನಿಮ್ಮ ಕೈಯಲ್ಲೇ ಸಾಯುತ್ತದೆ. ಆ ಉಂಡೆ ಅವಳ ಕಾಳು ಚೀಲ, ನಾವು ಡಾಕ್ಟರುಗಳು ಕ್ರಾಪ್ ಅನ್ನುವುದು. ನನಗೆ ಮೂರು ವಿಷಯ ಬೇಕು. ಮುಟ್ಟಿದರೆ ಗಟ್ಟಿಯಾ, ನೀರು ತುಂಬಿದ ಬಲೂನಿನ ಹಾಗಾ? ಬಾಯಿ ಹುಳಿ ವಾಸನೆ ಬರುತ್ತದಾ? ಅವಳ ಗೂಡಿಗೆ ಏನು ಹಾಸಿದ್ದೀರಿ?

ಕಾರ್ಕಳದವರೇ, ಮೂರು ದಿನ ಹೊಟ್ಟೆಗೆ ಏನೂ ಇಳಿಯದಿದ್ದರೆ ಬರೀ ಪಿತ್ತ ಹೋಗುತ್ತದೆ, ಅದರ ಬಣ್ಣ ಹಸಿರು. ಕೊಕ್ಕರೆ ರೋಗ ಅನ್ನುವುದಕ್ಕೆ ಅದೊಂದೇ ಸಾಕಾಗುವುದಿಲ್ಲ.

ಬಜ್ಪೆ ಬಾಯ್: ಡಾಕ್ಟ್ರೇ, 5 ವಾರದ ಮರಿಗಳು, 12 ಇದ್ದವು, 9 ಉಂಟು. ಹಿಕ್ಕೆಯಲ್ಲಿ ರಕ್ತ. ರೆಕ್ಕೆ ಇಳಿಬಿಟ್ಟು ನಿಲ್ಲುತ್ತವೆ. ಮೆಡಿಕಲ್‌ನವರು ಆಂಪ್ರೋಲಿಯಂ ಹುಡಿ ಕೊಟ್ಟರು, ನೀರಲ್ಲಿ ಹಾಕುತ್ತಿದ್ದೇನೆ. ಶಕ್ತಿ ಬರಲಿ ಅಂತ ಬಿ ಕಾಂಪ್ಲೆಕ್ಸೂ ಅದೇ ನೀರಿಗೆ ಹಾಕುತ್ತಿದ್ದೇನೆ. ಗುಣ ಕಾಣುತ್ತಿಲ್ಲ.

ಡಾಕ್ಟರ್: ಬಿ ಕಾಂಪ್ಲೆಕ್ಸ್ ಇವತ್ತೇ ನಿಲ್ಲಿಸಿ. ಕಾಕ್ಸಿಡಿಯ ಎಂಬ ಸಣ್ಣ ಪರೋಪಜೀವಿಗೆ ಬಿ ಕಾಂಪ್ಲೆಕ್ಸಲ್ಲಿರುವ ಬಿ1 ವಿಟಮಿನ್ ಸಿಗದ ಹಾಗೆ ಮಾಡುವುದೇ ಆಂಪ್ರೋಲಿಯಂನ ಕೆಲಸ. ನೀವು ಒಂದು ಕೈಯಲ್ಲಿ ಅದರ ಊಟ ಕಸಿದು ಇನ್ನೊಂದು ಕೈಯಲ್ಲಿ ಬಡಿಸುತ್ತಿದ್ದೀರಿ. ಕೋರ್ಸ್ ಮುಗಿದ ಮೇಲೆ ಬೇಕಾದರೆ ವಿಟಮಿನ್ ಕೊಡಿ. ಔಷಧಿ ಹಾಕಿದ ನೀರು ಬಿಟ್ಟು ಬೇರೆ ನೀರು ಸಿಗಬಾರದು. ಮಾಡಿನ ನೀರು ಬೀಳುವ ಗುಂಡಿಯೂ ಅದರಲ್ಲಿ ಬಂತು. ಒದ್ದೆ ಮರದ ಹುಡಿ ಪೂರ್ತಿ ತೆಗೆದು ಒಣ ಹುಡಿ ಹಾಕಿ. ಅದರ ಮೊಟ್ಟೆಗಳು ಬಲಿಯುವುದೇ ಒದ್ದೆಯಲ್ಲಿ. ಇಷ್ಟಾದರೂ ಸಾಯುತ್ತಿದ್ದರೆ ಸತ್ತ ಮರಿಯನ್ನು ಆಸ್ಪತ್ರೆಗೆ ತನ್ನಿ, ಕೊಯ್ದು ನೋಡಿದರೆ ಗೊತ್ತಾಗುತ್ತದೆ.

ಕುಂದಾಪ್ರ ಹೈದ: ಅರಿಶಿನ, ಬೆಳ್ಳುಳ್ಳಿ, ಒಳ್ಳೆಮೆಣಸು ಅರೆದು ಉಂಡೆ ಮಾಡಿ ನುಂಗಿಸಿದರೆ ರಕ್ತ ಹಿಕ್ಕೆ ಮೂರೇ ದಿನಕ್ಕೆ ನಿಲ್ಲುತ್ತದೆ. ನಮ್ಮಜ್ಜಿ ಮಾಡುತ್ತಿದ್ದದ್ದು.

ಡಾಕ್ಟರ್: 5 ವಾರದ ಮರಿಯ ಗಂಟಲು ಎಷ್ಟು ದಪ್ಪ ಅಂತ ಒಮ್ಮೆ ನೋಡಿ, ಆಮೇಲೆ ಉಂಡೆ ಮಾಡಿ.

ಮಣಿಪಾಲ ಫ್ಲ್ಯಾಟ್: ಹಲೋ ಮೇಡಂ, ಬಾಲ್ಕನಿಯಲ್ಲಿ ಎರಡು ಹೇಂಟೆ ಸಾಕಿದ್ದೇವೆ. ಒಂದು ತೊಗಲಿನಂಥ ಮೊಟ್ಟೆ ಇಡುತ್ತಿದೆ, ಚಿಪ್ಪೇ ಇಲ್ಲ. ಈಗ ಕಾಲು ಎಳೆಯುತ್ತಿದೆ. ಊಟಕ್ಕೆ ಅನ್ನ, ದೋಸೆ, ಬ್ರೆಡ್, ಕೆಲವೊಮ್ಮೆ ಬ್ರಾಯ್ಲರ್ ಫೀಡ್.

ಡಾಕ್ಟರ್: ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅನ್ನದಲ್ಲೂ ಬ್ರೆಡ್ಡಲ್ಲೂ ಅದು ಇಲ್ಲ. ಹಾಗಾಗಿ ಅವಳು ತನ್ನ ಎಲುಬನ್ನೇ ಕರಗಿಸಿ ಮೊಟ್ಟೆ ಇಡುತ್ತಿದ್ದಾಳೆ, ಕಾಲು ಎಳೆಯುವುದು ಅದಕ್ಕೇ ಇರಬಹುದು. ಬ್ರಾಯ್ಲರ್ ಫೀಡಲ್ಲಿ ಕ್ಯಾಲ್ಸಿಯಂ ಹೆಚ್ಚೂಕಡಿಮೆ 1 ಶೇಕಡಾ, ಮೊಟ್ಟೆ ಕೋಳಿಗೆ ಕೊಡುವ ಲೇಯರ್ ಫೀಡಲ್ಲಿ ಮೂರೂವರೆಯಿಂದ 4. ಇವತ್ತಿನಿಂದ ಲೇಯರ್ ಫೀಡ್. ಅದರ ಜೊತೆ ಬೇರೆ ಬಟ್ಟಲಲ್ಲಿ ಮರುವಾಯಿ ಚಿಪ್ಪನ್ನು, ಅಂದರೆ ಕಪ್ಪೆಚಿಪ್ಪನ್ನು, ತೊಳೆದು, ಒಣಗಿಸಿ, ಅಕ್ಕಿ ನುಚ್ಚಿನಷ್ಟು ದಪ್ಪಕ್ಕೆ ಕುಟ್ಟಿ ಇಡಿ. ನುಣ್ಣಗೆ ಹುಡಿ ಮಾಡಬೇಡಿ. ಸಂಜೆ ಇಡಿ, ಚಿಪ್ಪು ಕಟ್ಟುವುದು ರಾತ್ರಿ. ದಿನಕ್ಕೆ ಎರಡು ಗಂಟೆಯಾದರೂ ಬಿಸಿಲು ಬೀಳುವ ಜಾಗಕ್ಕೆ ಬಿಡಿ, ಈ ತಿಂಗಳಲ್ಲಿ ಬಿಸಿಲು ಬಂದರೆ. ಪೂರ್ತಿ ಕೂತೇಬಿಟ್ಟರೆ ಕಾಯಬೇಡಿ, ಕ್ಯಾಲ್ಸಿಯಂ ಚುಚ್ಚುಮದ್ದು ಬೇಕಾಗುತ್ತದೆ.

ಸುರತ್ಕಲ್ ಅಮ್ಮ: ಎಲೆಅಡಿಕೆಗೆ ಹಾಕುವ ಸುಣ್ಣವೂ ಚಿಪ್ಪಿನದ್ದೇ ಅಲ್ವಾ, ಅದನ್ನೇ ನೀರಲ್ಲಿ ಕಲಸಿ ಕೊಟ್ಟರೆ?

ಡಾಕ್ಟರ್: ಬೇಡವೇ ಬೇಡ. ಅದು ಸುಟ್ಟ ಸುಣ್ಣ, ಬಾಯಿ ಗಂಟಲು ಸುಡುತ್ತದೆ. ಚಿಪ್ಪು ಬೇರೆ, ಸುಣ್ಣ ಬೇರೆ.

ಮಲ್ಪೆ ಬೂತಾಯಿ: ಇಷ್ಟೆಲ್ಲ ಕಷ್ಟ ಯಾಕೆ ಮಾರಾಯ್ರೆ. ನೀರುಳ್ಳಿ, ಕೊತ್ತಂಬರಿ, ಬ್ಯಾಡಗಿ ಮೆಣಸು, ತೆಂಗಿನಕಾಯಿ. ಕೋರಿ ಸುಕ್ಕ. ಕಾಯಿಲೆ ಅಲ್ಲಿಗೆ ಮುಗಿಯಿತು 😂

ಕಾಪು ಹಿತ್ತಲು: ಇದು ಜೋಕಾ? ಇಲ್ಲಿ ಮಗು ಮೂರು ದಿನದಿಂದ ಅಳುತ್ತಿದೆ.

ಮಲ್ಪೆ ಬೂತಾಯಿ: ಕೋಳಿ ಅಲ್ವಾ ಅಕ್ಕ, ನಾಯಿ ಬೆಕ್ಕು ಅಲ್ಲವಲ್ಲ.

ಮಣಿಪಾಲ ಫ್ಲ್ಯಾಟ್: ನಾಯಿಗೆ ಒಂದು ನ್ಯಾಯ, ಕೋಳಿಗೆ ಒಂದು ನ್ಯಾಯವಾ? ಇವರನ್ನು ಗ್ರೂಪಿಂದ ತೆಗೆಯಿರಿ.

ಮಲ್ಪೆ ಬೂತಾಯಿ: ನಿಮ್ಮ ಫ್ರಿಜ್ಜಲ್ಲಿ ಚಿಕನ್ ಇಲ್ಲವಾ? ಫೋಟೋ ಹಾಕಿ ನೋಡುವ.

ಕುಂದಾಪ್ರ ಹೈದ: ಬ್ರಾಯ್ಲರ್ ತಿನ್ನುವವರು ಊರ ಕೋಳಿ ಬಗ್ಗೆ ಮಾತಾಡುವುದೇ ತಪ್ಪು. ಊರ ಕೋಳಿಗೆ ಕಾಯಿಲೆಯೇ ಬರುವುದಿಲ್ಲ. ಎಲ್ಲ ಈ ಗಿರಿರಾಜ, ಸ್ವರ್ಣಧಾರಾ ಬಂದ ಮೇಲೆ ಶುರುವಾದದ್ದು.

ಡಾಕ್ಟರ್: ಕೊಕ್ಕರೆ ರೋಗಕ್ಕೆ ರಾಣಿಖೇತ್ ಅಂತ ಹೆಸರು ಬಂದದ್ದು ಉತ್ತರಾಖಂಡದ ಊರಿನಿಂದ, 1920ರ ದಶಕದಲ್ಲಿ. ಆಗ ಗಿರಿರಾಜ ಹುಟ್ಟಿರಲೇ ಇಲ್ಲ. ಸತ್ತದ್ದು ಊರ ಕೋಳಿಗಳೇ. ಲಸಿಕೆ ಹಾಕಿಸಿ: ಮೊದಲ ವಾರ ಕಣ್ಣಿಗೆ ಹನಿ, 8 ವಾರ ದಾಟಿದ ಮೇಲೆ ಆರ್‌2ಬಿ ಚುಚ್ಚುಮದ್ದು. ಬಂದ ಮೇಲೆ ಮದ್ದಿಲ್ಲ. ಈಗ ಸುಕ್ಕದ ಮಾತು ಸಾಕು. ಕಾಯಿಲೆ ಕೋಳಿಯನ್ನು ಕೊಯ್ದು ತಿನ್ನುವುದೂ ಬೇಡ.

ಉಳ್ಳಾಲ ಕಡಲ: ಮೇಡಂ, ಅರಿಶಿನ ನೀರು ದಿನಕ್ಕೆ ಎಷ್ಟು ಸಲ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಕಾಪು ಹಿತ್ತಲು: ಮೇಡಂ, ನೋಡಿದೆ. ಗಟ್ಟಿ ಉಂಟು, ಒತ್ತಿದರೆ ಹಿಟ್ಟಿನ ಉಂಡೆ ಒತ್ತಿದ ಹಾಗೆ ಸ್ವಲ್ಪ ತಗ್ಗುತ್ತದೆ. ಒಳಗೆ ದಾರದ ಹಾಗೆ ಏನೋ ಕೈಗೆ ಸಿಗುತ್ತದೆ. ಹುಳಿ ವಾಸನೆ ಇಲ್ಲ. ಗೂಡಿಗೆ ತೆಂಗಿನ ನಾರು ಹಾಸಿದ್ದೇವೆ, ಸಿಪ್ಪೆ ಬಿಡಿಸಿ. ಮಳೆಗಾಲಕ್ಕೆ ಬೆಚ್ಚಗಿರಲಿ ಅಂತ.

ಡಾಕ್ಟರ್: ನಾರು. ಅದೇ ನನಗೆ ಅನುಮಾನ ಇತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಕೋಳಿಗೆ ಹಲ್ಲಿಲ್ಲ. ತಿಂದದ್ದು ಮೊದಲು ಈ ಚೀಲದಲ್ಲಿ ನೆನೆಯುತ್ತದೆ, ಆಮೇಲೆ ಕೆಳಗಿನ ಗಟ್ಟಿ ಹೊಟ್ಟೆಗೆ ಹೋಗಿ ಅಲ್ಲಿರುವ ಸಣ್ಣ ಕಲ್ಲಿನ ಹರಳುಗಳ ನಡುವೆ ಅರೆಯುತ್ತದೆ. ಸಂಜೆ ಚೀಲ ತುಂಬಿರಬೇಕು, ಬೆಳಿಗ್ಗೆ ಖಾಲಿ ಇರಬೇಕು. ಬೆಳಿಗ್ಗೆಯೂ ತುಂಬಿದ್ದರೆ ದಾರಿ ಕಟ್ಟಿದೆ ಅಂತ. ಉದ್ದ ಹುಲ್ಲು, ಬೈಹುಲ್ಲು, ನಾರು ನುಂಗಿದರೆ ಅದು ಒಳಗೆ ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ನೀವು ಕೊಟ್ಟ ಗಂಜಿ, ಬ್ರೆಡ್ಡು ಎಲ್ಲ ಆ ಹಗ್ಗಕ್ಕೆ ಮೆತ್ತಿಕೊಂಡು ಉಂಡೆ ದೊಡ್ಡದಾಗಿದೆ. ಅವಳಿಗೆ ಹಸಿವಿದೆ, ಬಟ್ಟಲಿನವರೆಗೆ ಬರುತ್ತಾಳೆ, ಆದರೆ ಇಳಿಯುವುದಕ್ಕೆ ಜಾಗ ಇಲ್ಲ. ಕೆಳಗಿನ ಹೊಟ್ಟೆ ಖಾಲಿ. ಅಂದರೆ ಚೀಲ ತುಂಬಿದ್ದರೂ ಅವಳು ಉಪವಾಸ ಸಾಯುತ್ತಿದ್ದಾಳೆ.

ಈಗ ಊಟ. ಇವತ್ತು ರಾತ್ರಿ ಕಾಳು, ಅನ್ನ, ಬ್ರೆಡ್ ಏನೂ ಇಲ್ಲ. ನೀರು ಮಾತ್ರ. ಹಾಲು ಯಾವತ್ತೂ ಬೇಡ, ಹಕ್ಕಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಬೆಲ್ಲವೂ ನಿಲ್ಲಿಸಿ. ನಿಂತ ಚೀಲದಲ್ಲಿ ಬೆಲ್ಲ, ಬ್ರೆಡ್ ಇದ್ದರೆ ಒಳಗೆ ಬೂಸರು ಜಾತಿಯ ಯೀಸ್ಟ್ ಬೆಳೆದು ಹುಳಿಯುತ್ತದೆ. ಆಗ ಒಂದು ಕಾಯಿಲೆ ಹೋಗಿ ಎರಡಾಗುತ್ತದೆ. ಬಿಸಿಲಲ್ಲಿ ಬಳಲಿದ ಕೋಳಿಗೆ ಇದೇ ಬೆಲ್ಲದ ನೀರು ಒಳ್ಳೆಯದು, ನಿಮ್ಮ ಮುತ್ತುವಿಗೆ ವಿಷ. ಫಾರ್ವರ್ಡ್ ಮಾಡುವವರಿಗೆ ನಾನು ದಿನಾ ಹೇಳುವುದು ಇದನ್ನೇ, ಯಾವ ಕೋಳಿ, ಯಾವ ಕಾಯಿಲೆ ಅಂತ ನೋಡದೆ ಮದ್ದು ಹಂಚಬೇಡಿ.

ಉಗುರು ಬೆಚ್ಚಗಿನ ನೀರು, ಜೊತೆಗೆ ಅರ್ಧ ಚಮಚ ತೆಂಗಿನೆಣ್ಣೆ. ಸಿರಿಂಜಿನಲ್ಲಿ ಒಂದೇ ಸಲ ಒತ್ತಬೇಡಿ. ಕೊಕ್ಕಿನ ಬದಿಗೆ ಹನಿ ಬಿಡಿ, ಅವಳೇ ನುಂಗಲಿ, ನುಂಗಿದ ಮೇಲೆ ಇನ್ನೊಂದು ಹನಿ. ಆಮೇಲೆ ಚೀಲವನ್ನು ಬೆರಳ ತುದಿಯಿಂದ ಮೆತ್ತಗೆ ಐದು ನಿಮಿಷ ನೀವಿ, ಚಪಾತಿ ಹಿಟ್ಟು ನಾದಿದ ಹಾಗಲ್ಲ. ರಾತ್ರಿ ಇನ್ನೊಮ್ಮೆ. ಬೆಳಿಗ್ಗೆ 6ಕ್ಕೆ, ಏನೂ ಕೊಡುವ ಮೊದಲು, ಮುಟ್ಟಿ ನೋಡಿ. ಅಷ್ಟೇ ಇದ್ದರೆ ಮನೆ ಮದ್ದು ಮುಗಿಯಿತು, ಸೀದಾ ಆಸ್ಪತ್ರೆ. ಚೀಲ ಕೊಯ್ದು ತೆಗೆದು ಹೊಲಿಗೆ ಹಾಕಬಹುದು, ಹೆದರಬೇಡಿ. ತಡ ಮಾಡಿದರೆ ಮಾತ್ರ ಹೆದರಬೇಕು. ಮತ್ತೆ ಆ ನಾರು ಗೂಡಿನಿಂದ ತೆಗೆಯಿರಿ, ಮರದ ಹುಡಿ ಹಾಕಿ.

ಕಾಪು ಹಿತ್ತಲು: ತುಂಬಾ ಥ್ಯಾಂಕ್ಸ್ ಮೇಡಂ. ಈಗಲೇ ಮಾಡುತ್ತೇನೆ.

ಕಾರ್ಕಳ ತೋಟ: ಮೇಡಂ, ಕಾಯಿಲೆ ಕೋಳಿಗೆ ನೆಲಗಡಲೆ ಹಿಂಡಿ ಒಳ್ಳೆಯದು ಅಂತಾರೆ. ನಮ್ಮಲ್ಲಿ ಒಂದು ಚೀಲ ಉಂಟು, ಸ್ವಲ್ಪ ಬೂಸರು ಹಿಡಿದಿದೆ. ಹುರಿದು ಕೊಟ್ಟರೆ ಆಗುತ್ತದಲ್ಲ?

ಡಾಕ್ಟರ್: ಆಗುವುದಿಲ್ಲ. ಹುರಿದರೂ ಬಿಸಿಲಿಗೆ ಒಣಗಿಸಿದರೂ ಬೂಸರಿನ ವಿಷ ಹೋಗುವುದಿಲ್ಲ, ಲಿವರ್ ಹಾಳು ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿ ಸತ್ತದ್ದು ಇಂಥದ್ದೇ ನೆಲಗಡಲೆ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದೇ ಆಗ. ಸುಟ್ಟು ಹಾಕಿ. ದನಕ್ಕೂ ಹಾಕಬೇಡಿ.

ಕಾರ್ಕಳ ತೋಟ: 1800 ರೂಪಾಯಿ ಕೊಟ್ಟು ತಂದದ್ದು ಮೇಡಂ. ಸುಡಿ ಅನ್ನುವುದು ಸುಲಭ. ನಾವು 40 ವರ್ಷದಿಂದ ಕೋಳಿ ಸಾಕುತ್ತಿದ್ದೇವೆ, ಪುಸ್ತಕ ಓದಿ ಅಲ್ಲ.

ಡಾಕ್ಟರ್: ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ?

ಬಜ್ಪೆ ಬಾಯ್: ಹಿರಿಯರಿಗೆ ಹಾಗೆ ಹೇಳುವುದಾ ಮೇಡಂ?

ಮಣಿಪಾಲ ಫ್ಲ್ಯಾಟ್: ಅವರು ಸರಿಯಾಗಿಯೇ ಹೇಳಿದರು. ಭಾನುವಾರ ಪುಕ್ಕಟೆ ಕೂತು ಉತ್ತರ ಕೊಡುತ್ತಿದ್ದಾರೆ.

ಸುರತ್ಕಲ್ ಅಮ್ಮ: *ಫಾರ್ವರ್ಡ್ ಮಾಡಿದ ಸಂದೇಶ* ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯ ಕೋಳಿಗೆ ಎರಡು ಚಮಚ, ಜೊತೆಗೆ ಅರ್ಧ ಪ್ಯಾರಸಿಟಮಾಲ್, ಅರ್ಧ ಮುಚ್ಚಳ ಬ್ರಾಂಡಿ. ಯಾವ ರೋಗವೂ ಉಳಿಯುವುದಿಲ್ಲ. ಕನಿಷ್ಠ 10 ಜನರಿಗೆ ಕಳಿಸಿ 🙏

ಡಾಕ್ಟರ್: ಅಮ್ಮ, ಇದರಲ್ಲಿ ಕೋಳಿ ಬದುಕುವಂಥದ್ದು ಒಂದೂ ಇಲ್ಲ. ಪಾಲೆಯ ಕಷಾಯ ಮನುಷ್ಯರೇ ವರ್ಷಕ್ಕೊಮ್ಮೆ, ಅದೂ ಮರ ಗೊತ್ತಿರುವವರು ತಂದರೆ ಮಾತ್ರ ಕುಡಿಯುವಂಥದ್ದು. ಕತ್ತಲಲ್ಲಿ ಬೇರೆ ಮರದ ತೊಗಟೆ ಕೆತ್ತಿ ತಂದರೆ ಮನುಷ್ಯರೇ ಉಳಿಯುವುದಿಲ್ಲ. ಎರಡು ಕಿಲೋ ಹಕ್ಕಿಗೆ ಎರಡು ಚಮಚವಾ? ಮನುಷ್ಯರ ನೋವಿನ ಮಾತ್ರೆಯನ್ನು ಹಕ್ಕಿಗೆ ಅಂದಾಜಿನಲ್ಲಿ ಕೊಡಬೇಡಿ. ರಣಹದ್ದುಗಳು ಹೆಚ್ಚೂಕಡಿಮೆ ಅಳಿದುಹೋದದ್ದೇ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು ಕೊಟ್ಟ ದನದ ಹೆಣ ತಿಂದು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಬ್ರಾಂಡಿ ಕೊಟ್ಟರೆ ಮೈ ಬಿಸಿಯಾಗುವುದಿಲ್ಲ, ಇರುವ ಬಿಸಿಯೂ ಹೋಗುತ್ತದೆ. ದಯವಿಟ್ಟು ಡಿಲೀಟ್ ಮಾಡಿ.

ಸುರತ್ಕಲ್ ಅಮ್ಮ: ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೆ. ಬೈಯಬೇಡಿ.

ಮಲ್ಪೆ ಬೂತಾಯಿ: ಬ್ರಾಂಡಿ ಕೋಳಿಗೆ ಬೇಡದಿದ್ದರೆ ಈ ಕಡೆ ಕಳಿಸಿ.

ಅಡ್ಮಿನ್: ಬೂತಾಯಿಯವರೇ, ಕೊನೆಯ ಎಚ್ಚರಿಕೆ.

ಮಲ್ಪೆ ಬೂತಾಯಿ: ಸರಿ ಒಂದು ಒಳ್ಳೆ ಪ್ರಶ್ನೆ. ಮೀನಿನ ತಲೆ, ಒಣಮೀನು ಕೊಟ್ಟರೆ ಕಾಯಿಲೆ ಕೋಳಿಗೆ ಶಕ್ತಿ ಬರುತ್ತದಾ?

ಡಾಕ್ಟರ್: ಇದು ನಿಜಕ್ಕೂ ಒಳ್ಳೆ ಪ್ರಶ್ನೆ. ನಮ್ಮಲ್ಲಿ ಕಾಯಿಲೆ ಕೋಳಿಗೆ ಎಲ್ಲರೂ ಕೊಡುವುದು ಗಂಜಿ. ಒಂದು ದಿನಕ್ಕೆ ಸರಿ. ಆದರೆ ಅಕ್ಕಿಯಲ್ಲಿ ಪ್ರೋಟೀನ್ 7–8 ಶೇಕಡಾ, ಮೊಟ್ಟೆ ಇಡುವ ಕೋಳಿಗೆ ಬೇಕಾದದ್ದು 16ರ ಮೇಲೆ. ವಾರಗಟ್ಟಲೆ ಗಂಜಿ ಕುಡಿದ ಕೋಳಿ ಎದೆಯ ಮಾಂಸ ಕರಗಿ, ಮುಟ್ಟಿದರೆ ಮಧ್ಯದ ಎಲುಬು ಕತ್ತಿಯ ಹಾಗೆ ಸಿಗುತ್ತದೆ. ಬೂತಾಯಿ ಅಥವಾ ಬಂಗುಡೆ ಮೀನಿನ ತಲೆಯನ್ನು ಉಪ್ಪು ಹಾಕದೆ ಬೇಯಿಸಿ, ಮುಳ್ಳು ಪುಡಿಯಾಗುವಷ್ಟು ಜಜ್ಜಿ, ಒಂದು ಚಮಚ ಲೇಯರ್ ಫೀಡಿಗೆ ಕಲಸಿ ಕೊಡಿ. ಬೇಯಿಸಿದ ಮೊಟ್ಟೆಯೂ ಆಗುತ್ತದೆ. ಒಣಮೀನು ಮಾತ್ರ ಬೇಡ. ಉಪ್ಪು ಹೆಚ್ಚಾದರೆ ಕೋಳಿ ಸಾಯುತ್ತದೆ. ಉಪ್ಪಿನಕಾಯಿ, ಸಾರು ಕಲಸಿದ ಅನ್ನ ಎಲ್ಲ ಇದೇ ಲೆಕ್ಕ.

ಕುಂದಾಪ್ರ ಹೈದ: ಮೊಟ್ಟೆಯನ್ನು ಕೋಳಿಗೇ ತಿನ್ನಿಸುವುದು ಪಾಪ ಅಲ್ವಾ?

ಉಳ್ಳಾಲ ಕಡಲ: ಮೇಡಂ, ಮದ್ದು ತಿನ್ನುವ ಕೋಳಿಯ ಮೊಟ್ಟೆ ನಾವು ತಿನ್ನಬಹುದಾ? ಮತ್ತೆ ಅರಿಶಿನ ಹಸಿಯದ್ದಾ, ಹುಡಿಯಾ?

ಡಾಕ್ಟರ್: ಮದ್ದು ಯಾವುದು ಅಂತ ಹೇಳದೆ ಮೊಟ್ಟೆಯ ಬಗ್ಗೆ ಹೇಳಲಾರೆ. ಅರಿಶಿನದ ಬಗ್ಗೆ ಇನ್ನು ಯಾರಿಗೂ ಉತ್ತರ ಇಲ್ಲ.

ಉಳ್ಳಾಲ ಕಡಲ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ. ಸರಿ ಬಿಡಿ.

ಸೋಮವಾರ

ಕಾಪು ಹಿತ್ತಲು: ಮೇಡಂ, 6 ಗಂಟೆಗೆ ನೋಡಿದೆ. ಸ್ವಲ್ಪ ಮೆತ್ತಗಾಗಿದೆ ಅನ್ನಿಸುತ್ತದೆ, ಆದರೆ ಗಾತ್ರ ಅಷ್ಟೇ. ಇನ್ನೊಂದು ದಿನ ಎಣ್ಣೆ ಕೊಟ್ಟು ನೋಡಲಾ?

ಡಾಕ್ಟರ್: ಬೇಡ. ಗುರುವಾರದಿಂದ ಲೆಕ್ಕ ಹಾಕಿ, ಐದನೇ ದಿನ. ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ವಾಹನ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ ಕೇಳಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಹೋಗುವಾಗ ಗೂಡಿನ ನಾರು ಸ್ವಲ್ಪ ಕೈಯಲ್ಲಿ ಹಿಡಿದುಕೊಳ್ಳಿ, ಅಲ್ಲಿನ ಡಾಕ್ಟರಿಗೆ ತೋರಿಸಿ.

ಕಾರ್ಕಳ ತೋಟ: ಒಂದು ಕೋಳಿಗೆ ಆಪರೇಷನ್. ಕಾಲ ಎಲ್ಲಿಗೆ ಬಂತು.

ಮಣಿಪಾಲ ಫ್ಲ್ಯಾಟ್: ನಿಮ್ಮ ಹಿಂಡಿ ಸುಟ್ಟಾಯಿತಾ ಅಂಕಲ್?

ಕಾರ್ಕಳ ತೋಟ: ಅದು ನಿಮಗೆ ಸಂಬಂಧ ಇಲ್ಲದ್ದು.

ಬಜ್ಪೆ ಬಾಯ್: 9 ಮರಿಯಲ್ಲಿ 8 ಉಂಟು. ರಕ್ತ ಕಡಿಮೆಯಾಗಿದೆ. ಕುಡಿಯುತ್ತಿವೆ.

ಬುಧವಾರ

ಕಾಪು ಹಿತ್ತಲು: ಮೇಡಂ, ನಿನ್ನೆ ಆಪರೇಷನ್ ಆಯಿತು. ನನ್ನ ಬೆರಳಿನಷ್ಟು ಉದ್ದದ ಹಗ್ಗ ಬಂತು, ನಿಜವಾಗಿ ಹಗ್ಗವೇ, ಅದರ ಮೇಲೆ ಅನ್ನ ಮೆತ್ತಿಕೊಂಡಿತ್ತು. ಅಲ್ಲಿನ ಡಾಕ್ಟ್ರು ಮಗಳಿಗೆ ತೋರಿಸಿದರು, ಅವಳು ಅದನ್ನು ಬಾಟಲಿಯಲ್ಲಿ ಹಾಕಿ ಇಟ್ಟುಕೊಂಡಿದ್ದಾಳೆ. ಮುತ್ತು ಎದ್ದು ನಿಂತಿದ್ದಾಳೆ. ಬೆಳಿಗ್ಗೆಯಿಂದ ಕೂಗುತ್ತಿದ್ದಾಳೆ, ಹಸಿವಾಗಿದೆ ಅನ್ನಿಸುತ್ತದೆ. ಏನು ಕೊಡಲಿ?

ಡಾಕ್ಟರ್: ಒಳ್ಳೆ ಸುದ್ದಿ. ಕೂಗುತ್ತಾಳೆ ಅಂತ ಬಟ್ಟಲು ತುಂಬಿಸಬೇಡಿ, ಚೀಲ ಹಿಗ್ಗಿದರೆ ಹೊಲಿಗೆ ಬಿಡುತ್ತದೆ. ಇವತ್ತು ಓಆರ್‌ಎಸ್ ನೀರು, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ. ಜೊತೆಗೆ ಲೇಯರ್ ಮ್ಯಾಶನ್ನು, ಅಂದರೆ ಹುಡಿ ಫೀಡನ್ನು, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಗಂಟಿಲ್ಲದ ಹಾಗೆ ಕಲಸಿ, ದೋಸೆ ಹಿಟ್ಟಿಗಿಂತ ತೆಳ್ಳಗೆ. ಒಂದು ಸಲಕ್ಕೆ ಎರಡು ಚಮಚ, ಎರಡು ಎರಡೂವರೆ ಗಂಟೆಗೊಮ್ಮೆ. ಪ್ರತಿ ಸಲ ಹೊಸದಾಗಿ ಕಲಸಿ, ಈ ಹವೆಗೆ ಮಧ್ಯಾಹ್ನದೊಳಗೆ ಹುಳಿಯುತ್ತದೆ. ನಾಳೆಯಿಂದ ಬೇಯಿಸಿದ ಮೊಟ್ಟೆಯ ಹಳದಿ ಕಾಲು ಭಾಗ ಅದಕ್ಕೆ ಹಿಸುಕಿ. ಒಂದು ವಾರ ಇಡೀ ಕಾಳು, ಸೊಪ್ಪು, ಹುಲ್ಲು ಯಾವುದೂ ಇಲ್ಲ. ಹೊರಗೆ ಬಿಡಬೇಡಿ, ಬಿಟ್ಟರೆ ಮೊದಲು ಹುಲ್ಲಿಗೇ ಹೋಗುತ್ತಾಳೆ. ದಿನಾ ಬೆಳಿಗ್ಗೆ ಚೀಲ ಮುಟ್ಟಿ, ಖಾಲಿ ಇರಬೇಕು. ಹಿಕ್ಕೆಯಲ್ಲಿ ಬಿಳಿ ಟೊಪ್ಪಿ ಇರುವ ಕಂದು ಉಂಡೆ ಕಂಡರೆ ಕೆಳಗಿನ ದಾರಿ ತೆರೆದಿದೆ ಅಂತ, ಆವಾಗ ನನಗೆ ಫೋಟೋ ಕಳಿಸಿ. ವಾರ ಕಳೆದು ಕಾಳು ಶುರು ಮಾಡುವಾಗ ಸ್ವಲ್ಪ ದಪ್ಪ ಮರಳು ಒಂದು ಚಿಪ್ಪಲ್ಲಿ ಇಡಿ.

ಗೂಡಿನ ನಾರು ತೆಗೆದಿರಲ್ಲ?

ಕಾಪು ಹಿತ್ತಲು: ಅಯ್ಯೋ. ಆಸ್ಪತ್ರೆ ಓಡಾಟದಲ್ಲಿ ಮರೆತೇ ಹೋಯಿತು ಮೇಡಂ. ಅವಳು ಈಗ ಅಲ್ಲೇ ಕೂತಿದ್ದಾಳೆ.

ಡಾಕ್ಟರ್: ಫೋನ್ ಕೆಳಗಿಡಿ. ಹೋಗಿ ತೆಗೆಯಿರಿ.

ಉಳ್ಳಾಲ ಕಡಲ: ಮೇಡಂ, ಹೊಲಿಗೆಯ ಮೇಲೆ ಅರಿಶಿನ ಹಚ್ಚಬಹುದಲ್ಲ?